ಬೆಕ್ಕಿನ ಬಾಲದ ಬುಡದಲ್ಲಿ ಬಾವು, ಕೀವಿನ ವಾಸನೆ: ಮನೆಯಲ್ಲಿ ಎಷ್ಟು ಮಾಡಬಹುದು, ಯಾವಾಗ ವೈದ್ಯರ ಬಳಿ ಓಡಬೇಕು?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮ ಗಂಡುಬೆಕ್ಕಿಗೆ ಮೂರು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ. ನೆಲಮಹಡಿಯ ಮನೆಯಾದ್ದರಿಂದ ರಾತ್ರಿ ಕಿಟಕಿಯಿಂದ ಹೊರಗೆ ಹೋಗುತ್ತಾನೆ. ಕಳೆದ ವಾರ ಮಳೆಯ ನಡುವೆ ಕಟ್ಟಡದ ಹಿಂದೆ ಇನ್ನೊಂದು ಬೆಕ್ಕಿನೊಂದಿಗೆ ಜೋರು ಕಾದಾಟ ಕೇಳಿಸಿತ್ತು. ಮರುದಿನ ಮೈಯೆಲ್ಲ ನೋಡಿದೆವು, ರಕ್ತವೇನೂ ಕಾಣಲಿಲ್ಲ. ಈಗ ಬಾಲದ ಬುಡದಲ್ಲಿ ನಿಂಬೆಹಣ್ಣಿನಷ್ಟು ಬಾವು ಬಂದಿದೆ, ಮುಟ್ಟಿದರೆ ಬಿಸಿ. ಕೂದಲು ಅಂಟಿಕೊಂಡಿದೆ, ಹತ್ತಿರ ಹೋದರೆ ಕೆಟ್ಟ ವಾಸನೆ. ನಿನ್ನೆಯಿಂದ ಊಟ ಮುಟ್ಟಿಲ್ಲ, ಮಂಚದ ಕೆಳಗಿನಿಂದ ಹೊರಗೆ ಬರುತ್ತಿಲ್ಲ. ಪಕ್ಕದ ಮನೆಯವರು ಅರಿಶಿನ ಹಚ್ಚಿ ಎನ್ನುತ್ತಾರೆ. ಮೆಡಿಕಲ್ ಅಂಗಡಿಯವರು ಚರ್ಮಕ್ಕೆ ಹಚ್ಚುವ ಒಂದು ಟ್ಯೂಬ್ ಕೊಟ್ಟಿದ್ದಾರೆ, ಇನ್ನೂ ಹಚ್ಚಿಲ್ಲ. ಗಾಯವೇ ಕಾಣದ ಕಡೆ ಇಷ್ಟು ಕೀವು ಹೇಗೆ ಬಂತು? ಮನೆಯಲ್ಲೇ ತೊಳೆದರೆ ಸಾಕೇ?

ಪರೇಲ್ ಪಶುವೈದ್ಯೆ

ಅಮ್ಮಾ, ಆ ಟ್ಯೂಬ್ ಹಚ್ಚದೇ ಇದ್ದದ್ದು ಒಳ್ಳೆಯದಾಯಿತು. ಹಚ್ಚಬೇಡಿ. ಇವತ್ತೇ ಹತ್ತಿರದ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ. ನೀವು ವಿವರಿಸಿರುವುದು ಕಚ್ಚಿದ ಗಾಯದಿಂದ ಆಗುವ ಕೀವುಗಟ್ಟಿದ ಬಾವಿನಂತೆಯೇ ಇದೆ. ಕಾದಾಡುವ ಗಂಡುಬೆಕ್ಕುಗಳಲ್ಲಿ ನಾವು ಅತಿ ಹೆಚ್ಚಾಗಿ ನೋಡುವ ತೊಂದರೆ ಇದು.

ಗಾಯ ಕಾಣದಿರುವುದಕ್ಕೆ ಕಾರಣವಿದೆ. ಬೆಕ್ಕಿನ ಕೋರೆಹಲ್ಲು ಇಂಜೆಕ್ಷನ್ ಸೂಜಿಯ ಹಾಗೆ. ಒಳಗೆ ಆಳಕ್ಕೆ ಇಳಿಯುತ್ತದೆ, ಮೇಲೆ ಬಿಡುವುದು ಸಣ್ಣ ತೂತು ಮಾತ್ರ. ಆ ತೂತು ಒಂದೆರಡು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕಚ್ಚಿದ ಬೆಕ್ಕಿನ ಬಾಯಲ್ಲಿ ಸಹಜವಾಗಿ ಇರುವ ಪಾಶ್ಚುರೆಲ್ಲಾ ಮಲ್ಟೋಸಿಡಾದಂತಹ ಬ್ಯಾಕ್ಟೀರಿಯಾ ಮತ್ತು ಗಾಳಿಯಿಲ್ಲದ ಕಡೆ ಬೆಳೆಯುವ ಇತರ ಬ್ಯಾಕ್ಟೀರಿಯಾ ಒಳಗೇ ಸಿಕ್ಕಿಕೊಂಡು ಹೆಚ್ಚುತ್ತವೆ. ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಬಾವು ಕಾಣಿಸುತ್ತದೆ. ಎದುರು ನಿಂತು ಕಾದಾಡಿದ ಬೆಕ್ಕಿಗೆ ಮುಖ, ಕುತ್ತಿಗೆ, ಮುಂಗಾಲಿನಲ್ಲಿ; ಓಡಿದ ಬೆಕ್ಕಿಗೆ ಬೆನ್ನಿನ ಕೊನೆಯಲ್ಲಿ, ಬಾಲದ ಬುಡದಲ್ಲಿ.

ತೆರೆದಿರುವ ದೊಡ್ಡ ಗಾಯಕ್ಕಿಂತ ಹೀಗೆ ಬಾಯಿ ಮುಚ್ಚಿಕೊಂಡ ಸಣ್ಣ ಗಾಯ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ತೆರೆದ ಗಾಯವನ್ನು ಎಲ್ಲರೂ ನೋಡುತ್ತಾರೆ, ತೊಳೆಯುತ್ತಾರೆ. ಮುಚ್ಚಿದ ಗಾಯದ ಮೇಲೆ ಯಾವ ಮುಲಾಮು ಹಚ್ಚಿದರೂ ಅದು ಕೀವಿನ ತನಕ ತಲುಪುವುದಿಲ್ಲ. ಕೀವು ಹೊರಗೆ ಹರಿಯಲು ದಾರಿ ಮಾಡಿಕೊಡುವುದೇ ಮೊದಲ ಚಿಕಿತ್ಸೆ, ಔಷಧಿ ಆಮೇಲಿನದು.

ದವಾಖಾನೆಯಲ್ಲಿ ಕೂದಲು ತೆಗೆದು, ನೋವು ತಿಳಿಯದಂತೆ ಮಾಡಿ, ಬಾವನ್ನು ಸೀಳಿ, ಒಳಗೆಲ್ಲ ತೊಳೆಯುತ್ತಾರೆ. ದೊಡ್ಡದಿದ್ದರೆ ಕೀವು ಇಳಿಯಲು ಮೆತ್ತಗಿನ ರಬ್ಬರ್ ಪಟ್ಟಿ ಇಡುತ್ತಾರೆ. ಆಮೇಲೆ ತೂಕ ನೋಡಿ ಆಂಟಿಬಯೊಟಿಕ್ ಕೊಡುತ್ತಾರೆ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ್ದು. ಮಾತ್ರೆ ನುಂಗಿಸಲು ಆಗದ ಬೆಕ್ಕಿಗೆ ಸುಮಾರು ಎರಡು ವಾರ ಕೆಲಸ ಮಾಡುವ ಸೆಫೋವೆಸಿನ್ ಚುಚ್ಚುಮದ್ದು ಕೂಡ ಇದೆ. ಆದರೆ ಸುಲಭ ಎಂಬ ಒಂದೇ ಕಾರಣಕ್ಕೆ ಅದನ್ನು ಕೇಳಬೇಡಿ. ಯಾವುದು ಬೇಕೆಂದು ಬೆಕ್ಕನ್ನು ನೋಡಿದ ವೈದ್ಯರೇ ತೀರ್ಮಾನಿಸಲಿ.

ದಯವಿಟ್ಟು ಬಾವನ್ನು ಹಿಸುಕಬೇಡಿ. ಮನೆಯಲ್ಲಿ ಬ್ಲೇಡ್ ಹಾಕಬೇಡಿ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ನಾವು ತಲೆನೋವಿಗೆ ನುಂಗುವ ಒಂದು ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು. ಐಬುಪ್ರೊಫೇನ್ ಕೂಡ ವಿಷವೇ.

ಮಾಟುಂಗಾದ ಹಿರಿಯ

ವೈದ್ಯೆಯವರ ಮಾತನ್ನು ಗೌರವಿಸುತ್ತೇನೆ. ಆದರೂ ಒಂದು ಮಾತು ಹೇಳಬೇಕು. ಕುಂದಾಪುರದ ಕಡೆ ನಮ್ಮ ಮನೆಯಲ್ಲಿ ದನ, ನಾಯಿ, ಬೆಕ್ಕು ಎಲ್ಲವೂ ಇದ್ದವು. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಸೊಪ್ಪಿನ ನೀರು, ಇಷ್ಟರಲ್ಲೇ ಎಷ್ಟೋ ಗಾಯಗಳು ಮಾಯ್ದಿವೆ. ಮುಂಬಯಿಯಲ್ಲಿ ಚಿಕ್ಕದೊಂದು ತರಚಿಗೂ ಪಶುವೈದ್ಯರ ಬಳಿ ಹೋಗಿ ಎಂದರೆ ಸಂಬಳದಲ್ಲಿ ಬದುಕುವವರಿಗೆ ಸಾಧ್ಯವೇ? ಖರ್ಚಿಗೆ ಹೆದರಿ ಜನ ಪ್ರಾಣಿಯನ್ನೇ ಬೀದಿಗೆ ಬಿಡುತ್ತಾರೆ. ಅದೂ ಯೋಚಿಸಬೇಕಾದ ವಿಷಯ.

ಮುಲುಂಡಿನ ಫಾರ್ಮಸಿಸ್ಟ್

ರಾಯರೇ, ಖರ್ಚಿನ ಮಾತು ಸರಿಯಾಗಿದೆ. ಆದರೆ ದನಕ್ಕೂ ಬೆಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಕ್ಕು ಮೈಗೆ ಹಚ್ಚಿದ್ದೆಲ್ಲವನ್ನೂ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ, ಮತ್ತು ಅದರ ಯಕೃತ್ತಿಗೆ ಫಿನಾಲ್‌ನಂತಹ ಹಲವು ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ. ಆದ್ದರಿಂದ ಡೆಟಾಲ್, ನೆಲ ಒರೆಸುವ ಫಿನಾಯಿಲ್, ಟೀ ಟ್ರೀ ಎಣ್ಣೆ, ಕರ್ಪೂರದ ಎಣ್ಣೆ ಇವೆಲ್ಲ ಬೆಕ್ಕಿನ ಹತ್ತಿರವೂ ಬರಬಾರದು. ಸ್ಯಾವ್ಲಾನ್ ಸೌಮ್ಯ ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿರುವ ಸೆಟ್ರಿಮೈಡ್ ನೆಕ್ಕಿದರೆ ಬಾಯಿ, ನಾಲಿಗೆ ಹುಣ್ಣಾಗಬಹುದು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿ ಸ್ವಚ್ಛ ಮಾಡಿದಂತೆ ಕಾಣಿಸುತ್ತದೆ, ಆದರೆ ಮಾಯುತ್ತಿರುವ ಹೊಸ ಜೀವಕೋಶಗಳನ್ನೂ ಸುಡುತ್ತದೆ.

ಅಂಗಡಿಯಲ್ಲಿ ಕೊಟ್ಟ ಟ್ಯೂಬಿನ ಬಗ್ಗೆ ನಾನು ಗಟ್ಟಿಯಾಗಿ ಹೇಳಬೇಕು. ನಮ್ಮ ದೇಶದಲ್ಲಿ ತುರಿಕೆ, ಹುಣ್ಣು ಎಂದ ಕೂಡಲೇ ಕೈಗೆ ಬರುವ ಟ್ಯೂಬುಗಳಲ್ಲಿ ಬಹುಪಾಲು ಸ್ಟಿರಾಯ್ಡ್, ಆಂಟಿಬಯೊಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದವು. ಕೆರೆತ ಕಡಿಮೆಯಾಗುತ್ತದೆ, ಕೆಂಪು ಇಳಿಯುತ್ತದೆ, ಮನೆಯವರಿಗೆ ಸಮಾಧಾನ. ಒಳಗಿನ ನಂಜಿಗೆ ಎದುರಾಗಬೇಕಾದ ದೇಹದ ಕಾವಲನ್ನೇ ಸ್ಟಿರಾಯ್ಡ್ ಮಲಗಿಸಿಬಿಟ್ಟಿರುತ್ತದೆ. ಹುಳುಕಡ್ಡಿ ಇದ್ದರಂತೂ ಅದು ಹರಡುತ್ತಾ ಹೋಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಸ್ಟಿರಾಯ್ಡ್‌ಗಳ ಹೆಸರಿದ್ದರೆ ವೈದ್ಯರು ಹೇಳದೆ ಬಳಸಬೇಡಿ.

ಇನ್ನೊಂದು. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿ ಇಲ್ಲದೆ ಕೊಡಬಾರದು, ಕೊಳ್ಳಲೂ ಬಾರದು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆಂದೇ ಪ್ರಚಾರ ನಡೆಸಿತು. ಮನುಷ್ಯರಿಗೆ ಉಳಿದ ಮಾತ್ರೆಯನ್ನು ಅರ್ಧ ಮುರಿದು ಬೆಕ್ಕಿಗೆ ಹಾಕುವವರು ಬಹಳ ಜನ ಇದ್ದಾರೆ. ಪ್ರಾಣಿಗಳಿಗೆಂದೇ ಇರುವ ಎನ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೊಟಿಕ್ ಕೂಡ ಪ್ರಮಾಣ ಹೆಚ್ಚಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗಿ ಕುರುಡಾಗಬಹುದು. ಡಾಕ್ಸಿಸೈಕ್ಲಿನ್ ಮಾತ್ರೆ ಒಣಗಲಾಗಿ ಗಂಟಲಲ್ಲಿ ನಿಂತರೆ ಅನ್ನನಾಳ ಸುಟ್ಟು ಕಿರಿದಾಗುತ್ತದೆ, ಹಿಂದೆಯೇ ಸಿರಿಂಜಿನಲ್ಲಿ ನೀರು ಕುಡಿಸಲೇಬೇಕು. ಇವೆಲ್ಲ ಗೊತ್ತಿದ್ದವರು ಕೊಡುವ ಔಷಧಿಗಳು.

ಪರೇಲ್ ಪಶುವೈದ್ಯೆ

ಹಿರಿಯರೇ, ಚಿಕ್ಕ ತರಚಿಗೆ ದವಾಖಾನೆ ಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಚರ್ಮದ ಮೇಲ್ಪದರ ಮಾತ್ರ ಕಿತ್ತಿದ್ದು, ಬೆಕ್ಕು ಉಣ್ಣುತ್ತಾ ಆಡುತ್ತಾ ಇದ್ದರೆ ಉಪ್ಪುನೀರಿನಲ್ಲಿ ತೊಳೆದು, ನೆಕ್ಕದಂತೆ ನೋಡಿಕೊಂಡರೆ ಅದು ತಾನಾಗಿ ಮಾಯುತ್ತದೆ. ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಮಟ್ಟಸವಾದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿದರೆ ದೇಹದ ದ್ರವಕ್ಕೆ ಸರಿಹೊಂದುವ ನೀರು ಸಿಗುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ಮೆಲ್ಲಗೆ ಹಾಯಿಸಿ. ಬೆಟಾಡಿನ್ ದ್ರಾವಣ ಬಳಸುವುದಾದರೆ ತೆಳುವಾದ ಕಪ್ಪು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಅರಿಶಿನದ ಪುಡಿಯನ್ನು ಗಾಯಕ್ಕೆ ಒತ್ತಿದರೆ ಪುಡಿ ಒಳಗೇ ಕೂರುತ್ತದೆ, ಎಣ್ಣೆಗೆ ಧೂಳು ಮೆತ್ತುತ್ತದೆ, ಮತ್ತು ನಾನು ಗಾಯ ನೋಡಲು ಕೂತಾಗ ಆ ಹಳದಿಯ ಕೆಳಗೆ ಚರ್ಮ ಕೆಂಪೋ ಕಪ್ಪೋ ತಿಳಿಯುವುದಿಲ್ಲ. ಈ ಕಾರಣಕ್ಕೆ ಬೇಡ ಎನ್ನುತ್ತೇನೆ.

ಖರ್ಚಿನ ವಿಷಯಕ್ಕೆ: ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದ ನಡೆಯುತ್ತಿದೆ. 1886ರಲ್ಲಿ ಶುರುವಾದ ಬಾಂಬೆ ಪಶುವೈದ್ಯಕೀಯ ಕಾಲೇಜು ಅಲ್ಲೇ ಪಕ್ಕದಲ್ಲಿದೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆದಿದೆ. ಬಾವು ಬಂದ ಮೊದಲ ದಿನವೇ ಸೀಳಿಸಿ ತೊಳೆಸಿದರೆ ಆಗುವ ಖರ್ಚು, ನಂಜು ರಕ್ತಕ್ಕೇರಿ ಡ್ರಿಪ್ ಹಾಕಿಸುವ ಹಂತಕ್ಕೆ ಬಂದಾಗಿನ ಖರ್ಚಿನ ಮುಂದೆ ಏನೂ ಅಲ್ಲ.

ಕೊಥ್ರೂಡ್ ಕನ್ನಡಿಗ

ಕೀವಿನ ಬಾವಿಗಿಂತ ಬೇರೆಯಾದ ಇನ್ನೊಂದು ಕಥೆ ನಮ್ಮದು, ಹೊಸದಾಗಿ ಬೆಕ್ಕು ಸಾಕುವವರಿಗೆ ಉಪಯೋಗವಾಗಬಹುದು. ನಮ್ಮ ಹೆಣ್ಣುಬೆಕ್ಕು ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ರವೆಯಂತಹ ಸಣ್ಣ ಹಕ್ಕಳೆಗಳು ಸಿಗುತ್ತಿದ್ದವು. ಹೊಟ್ಟೆಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದ್ದಳು, ಅಲ್ಲಲ್ಲಿ ಒಸರುವ ಹುಣ್ಣು. ಪುಣೆಯ ಒಂದು ದವಾಖಾನೆಯಲ್ಲಿ ಬ್ಯಾಕ್ಟೀರಿಯಾ ಸೋಂಕು ಎಂದು ಮತ್ತೆ ಮತ್ತೆ ಆಂಟಿಬಯೊಟಿಕ್ ಕೊಟ್ಟರು. ಔಷಧಿ ಇರುವಷ್ಟು ದಿನ ಚೆನ್ನಾಗಿರುತ್ತಿದ್ದಳು, ನಿಂತ ಕೂಡಲೇ ಮರಳಿ ಅದೇ. ಒಮ್ಮೆಯೂ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಬೇರೆ ವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಹುಣ್ಣಿನ ಮೇಲೆ ಗಾಜಿನ ಪಟ್ಟಿ ಒತ್ತಿ, ಬಣ್ಣ ಹಾಕಿ ನೋಡಿದ್ದು. ಆಮೇಲೆ ಸೀರಣಿಗೆಯಿಂದ ಕೂದಲು ಬಾಚಿ, ಉದುರಿದ ಕಪ್ಪು ಕಾಳುಗಳನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಕೆಂಪು ಬಣ್ಣ ಬಿಟ್ಟಿತು. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಚಿಗಟದ ಜೊಲ್ಲಿಗೆ ಅಲರ್ಜಿ, ಅದರಿಂದ ತುರಿಕೆ, ತುರಿಸಿ ನೆಕ್ಕಿದ ಕಡೆ ಬ್ಯಾಕ್ಟೀರಿಯಾ. ಮೂಲ ಬಿಟ್ಟು ಕೊನೆಯದಕ್ಕೆ ಮಾತ್ರ ಔಷಧಿ ಕೊಡುತ್ತಿದ್ದರು. ಮನೆಯ ಎಲ್ಲ ಪ್ರಾಣಿಗಳಿಗೂ ತಿಂಗಳು ತಿಂಗಳು ಚಿಗಟದ ಔಷಧಿ ಹಾಕಿ, ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದ ಮೇಲೆ ಹುಣ್ಣು ಮರಳಲಿಲ್ಲ.

ಪರೇಲ್ ಪಶುವೈದ್ಯೆ

ಇದನ್ನು ಬರೆದದ್ದಕ್ಕೆ ಕೊಥ್ರೂಡಿನವರಿಗೆ ವಂದನೆಗಳು. ನಾಯಿಗಳಿಗೆ ಹೋಲಿಸಿದರೆ ಬೆಕ್ಕಿನ ಚರ್ಮದಲ್ಲಿ ಬ್ಯಾಕ್ಟೀರಿಯಾ ತಾನಾಗಿಯೇ ಹುಣ್ಣು ಮಾಡುವುದು ಅಪರೂಪ. ಹಿಂದೆ ಅಲರ್ಜಿಯೋ, ನುಸಿಯೋ, ಹುಳುಕಡ್ಡಿಯೋ, ಸಕ್ಕರೆ ಕಾಯಿಲೆಯೋ ಇರುತ್ತದೆ. ಸೋಂಕು ಮರುಕಳಿಸುತ್ತಿದ್ದರೆ ಕೀವಿನ ಮಾದರಿ ತೆಗೆದು ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಅಂದಾಜಿನ ಮೇಲೆ ಆಂಟಿಬಯೊಟಿಕ್ ಬದಲಿಸುತ್ತಾ ಹೋದರೆ ಯಾವುದಕ್ಕೂ ಬಗ್ಗದ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ.

ಚಿಗಟದ ಔಷಧಿಯ ಬಗ್ಗೆ ಒಂದು ಎಚ್ಚರಿಕೆ: ನಾಯಿಗೆಂದು ಮಾರುವ, ಪರ್ಮೆಥ್ರಿನ್ ಇರುವ ಹನಿಯನ್ನು ಬೆಕ್ಕಿಗೆ ಹಾಕಿದರೆ ಸೆಳವು ಬಂದು ಸಾಯಬಹುದು. ಪೊಟ್ಟಣದ ಮೇಲೆ ಬೆಕ್ಕಿಗೆ ಎಂದು ಬರೆದಿದ್ದರೆ ಮಾತ್ರ ಹಾಕಿ. ಹಾಗೆಯೇ ದುಂಡಗೆ ಕೂದಲು ಉದುರಿ, ಮನೆಯ ಮಕ್ಕಳ ಕೈಮೇಲೂ ಉಂಗುರದಂತಹ ಕೆಂಪು ಗುರುತು ಬಂದರೆ ಅದು ಹುಳುಕಡ್ಡಿ, ಮೈಕ್ರೊಸ್ಪೋರಮ್ ಕೇನಿಸ್ ಎಂಬ ಶಿಲೀಂಧ್ರ. ಆಂಟಿಬಯೊಟಿಕ್ ಅದಕ್ಕೆ ಏನೂ ಮಾಡುವುದಿಲ್ಲ.

ವಾಸ್ಕೊ ಬಂದರು

ನಾನು ಹಾವೇರಿ ಜಿಲ್ಲೆಯವನು, ಕೆಲಸಕ್ಕೆಂದು ಗೋವಾಕ್ಕೆ ಬಂದವನು. ವಾಸ್ಕೊದ ಮೀನು ಮಾರುಕಟ್ಟೆಯ ಸುತ್ತ ಇರುವ ಬೆಕ್ಕುಗಳಿಗೆ ನಾವು ಕೆಲವರು ಊಟ ಹಾಕುತ್ತೇವೆ. ಮಳೆಗಾಲದಲ್ಲಿ ನಮಗೆ ಕೀವಿಗಿಂತ ದೊಡ್ಡ ಸಂಕಟ ಗಾಯಕ್ಕೆ ಹುಳ ಬೀಳುವುದು. ಸಣ್ಣ ಗಾಯದ ಒಸರಿಗೆ ನೊಣ ಕೂತು ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಮಾಂಸದೊಳಗೆ ಕೊರೆಯುತ್ತಿರುತ್ತದೆ. ಊರಿನಲ್ಲಿ ದನದ ಗಾಯಕ್ಕೆ ಟರ್ಪೆಂಟೈನ್ ಸುರಿಯುವುದನ್ನು ನೋಡಿದವರು ಇಲ್ಲಿಯೂ ಅದನ್ನೇ ಮಾಡಲು ಬರುತ್ತಾರೆ, ನಾವು ತಡೆಯುತ್ತೇವೆ. ಬೆಕ್ಕಿಗೆ ಅದು ವಿಷ. ಟವೆಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು ಆಸ್ಪತ್ರೆಗೆ ಒಯ್ಯುತ್ತೇವೆ. ಅಲ್ಲಿ ಕೂದಲು ತೆಗೆದು, ಚಿಮುಟದಿಂದ ಒಂದೊಂದೇ ಹುಳ ಕಿತ್ತು, ಸತ್ತ ಮಾಂಸ ಕತ್ತರಿಸಿ ತೊಳೆಯುತ್ತಾರೆ. ನೋಡಲು ಆಗದಂತಹ ಗಾಯಗಳೂ ಮಾಯುತ್ತವೆ, ಯಾರೂ ಕೈಬಿಡಬೇಡಿ.

ವೈದ್ಯೆಯವರಲ್ಲಿ ಒಂದು ಪ್ರಶ್ನೆ. ನಮ್ಮ ಗುಂಪಿನಲ್ಲಿ ಒಂದು ಬಿಳಿ ಬೆಕ್ಕಿದೆ. ಅದರ ಕಿವಿಯ ತುದಿಯಲ್ಲಿ ಬಹಳ ಕಾಲದಿಂದ ಒಂದು ಹಕ್ಕಳೆ, ಉದುರುತ್ತದೆ, ರಕ್ತ ಒಸರುತ್ತದೆ, ಮತ್ತೆ ಕಟ್ಟುತ್ತದೆ. ಮುಲಾಮಿಗೆ ಬಗ್ಗುತ್ತಿಲ್ಲ.

ಪರೇಲ್ ಪಶುವೈದ್ಯೆ

ಅಣ್ಣಾ, ಆ ಬೆಕ್ಕನ್ನು ಮೊದಲು ತೋರಿಸಿ. ಬಿಳಿ ಬೆಕ್ಕುಗಳ ಕಿವಿಯ ತುದಿ, ಮೂಗು, ರೆಪ್ಪೆಗಳಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆ, ಶುರುವಿನಲ್ಲಿ ಅದು ಮಾಯದ ಹಕ್ಕಳೆಯ ಹಾಗೆಯೇ ಇರುತ್ತದೆ. ಕಿವಿಯ ತುದಿಯಲ್ಲಿದ್ದಾಗಲೇ ಆ ಭಾಗವನ್ನು ಕತ್ತರಿಸಿ ತೆಗೆದರೆ ಬೆಕ್ಕು ಚೆನ್ನಾಗಿ ಬಾಳುತ್ತದೆ. ಸರಿಯಾದ ಚಿಕಿತ್ಸೆಯ ನಂತರವೂ ಮಾಯದ ಯಾವ ಗಾಯಕ್ಕೂ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು. ಕೆಳಹೊಟ್ಟೆಯ ಕೊಬ್ಬಿನ ಮೇಲೆ ಹಲವು ತೂತುಗಳಾಗಿ ಒಸರುತ್ತಲೇ ಇದ್ದರೆ ಮೈಕೊಬ್ಯಾಕ್ಟೀರಿಯಾ ಜಾತಿಯ ಸೋಂಕು ಇರಬಹುದು, ಅದಕ್ಕೆ ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ.

ಠಾಣೆಯ ತಾಯಿ

ಎಲ್ಲವನ್ನೂ ಓದುತ್ತಿದ್ದೇನೆ. ನನ್ನದು ತುರ್ತಿನ ಪ್ರಶ್ನೆ. ಇವತ್ತು ಬೆಳಿಗ್ಗೆ ಗಾಯಗೊಂಡ ಬೆಕ್ಕಿಗೆ ಮಾತ್ರೆ ಹಾಕುವಾಗ ಮಗಳ ಬೆರಳಿಗೆ ಅದು ಕಚ್ಚಿದೆ. ಎರಡು ಸಣ್ಣ ಚುಕ್ಕೆ, ಸ್ವಲ್ಪ ರಕ್ತ ಬಂತು. ಮನೆಯದೇ ಬೆಕ್ಕು, ಆದರೆ ಹೊರಗೆ ಓಡಾಡುತ್ತದೆ. ಲಸಿಕೆ ಹಾಕಿಸಿಲ್ಲ.

ಪರೇಲ್ ಪಶುವೈದ್ಯೆ

ಈಗಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ, ತಡವಾಗಿದೆ ಎಂದು ಬಿಡಬೇಡಿ. ತೊಳೆದು ಇವತ್ತೇ ಮಗಳನ್ನು ವೈದ್ಯರ ಬಳಿ ಕರೆದೊಯ್ಯಿರಿ. ನಾನು ಪ್ರಾಣಿಗಳ ವೈದ್ಯೆ, ಮಗುವಿನ ಚಿಕಿತ್ಸೆಯನ್ನು ಅವರೇ ಹೇಳಬೇಕು. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಚರ್ಮ ತೂತಾಗಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಚರ್ಮದಲ್ಲಿ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು 0 ಎಂದು ಎಣಿಸಿ 3, 7 ಮತ್ತು 28ನೆಯ ದಿನ ಮತ್ತೆ ಹಾಕುತ್ತಾರೆ, ಒಂದನ್ನೂ ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಎರಡನೆಯದು, ನಾನು ಮೊದಲು ಬರೆದ ಅದೇ ಮುಚ್ಚಿದ ಗಾಯದ ಕಥೆ ಮನುಷ್ಯರಿಗೂ ಅನ್ವಯಿಸುತ್ತದೆ. ಬೆರಳಿನಲ್ಲಿ ಕೀಲು, ಸ್ನಾಯುರಜ್ಜು ಚರ್ಮದ ಕೆಳಗೇ ಇರುವುದರಿಂದ ನಂಜು ಬೇಗ ಏರುತ್ತದೆ. ಪಾಶ್ಚುರೆಲ್ಲಾದ ಊತ ಅನೇಕ ಸಲ 24 ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂಬುದನ್ನೂ ವೈದ್ಯರಿಗೆ ತಿಳಿಸಿ.

ಠಾಣೆಯ ತಾಯಿ

ತೊಳೆಸಿದೆ. ಆಸ್ಪತ್ರೆಗೆ ಹೊರಟೆವು. ಧನ್ಯವಾದಗಳು.

ಮಾಟುಂಗಾದ ಹಿರಿಯ

ಮಗು ಚೆನ್ನಾಗಿರಲಿ. ಊರಿನ ಮದ್ದಿನ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ಬೆಕ್ಕು ನೆಕ್ಕುವ ಪ್ರಾಣಿ ಎಂಬ ಮಾತನ್ನು ಒಪ್ಪಿಕೊಂಡೆ. ನಮ್ಮ ಕಟ್ಟಡದ ಕೆಳಗಿನ ಬೆಕ್ಕುಗಳನ್ನು ನೋಡಿಕೊಳ್ಳುವ ಹುಡುಗರಿಗೆ ಈ ಚರ್ಚೆಯನ್ನು ಓದಿ ಹೇಳುತ್ತೇನೆ. ಅವರಿಗೆ ಕನ್ನಡ ಬಾರದು, ಮರಾಠಿಯಲ್ಲಿ ವಿವರಿಸುತ್ತೇನೆ.

ಡೊಂಬಿವಲಿ ಪೂರ್ವ

ಹೋಗಿ ಬಂದೆವು. ಬಾವು ಸೀಳಿದಾಗ ಬಂದ ಕೀವು ನೋಡಿ ನನ್ನ ಯಜಮಾನರು ಹೊರಗೆ ಹೋಗಿ ನಿಂತರು. ಕೂದಲು ತೆಗೆದ ಮೇಲೆ ಎರಡು ಹಲ್ಲಿನ ಗುರುತು ಸ್ಪಷ್ಟವಾಗಿ ಕಂಡವು. ತೊಳೆದು ರಬ್ಬರ್ ಪಟ್ಟಿ ಇಟ್ಟಿದ್ದಾರೆ, ಔಷಧಿ ಬರೆದುಕೊಟ್ಟಿದ್ದಾರೆ, ಗಾಯ ನೆಕ್ಕದಂತೆ ಕುತ್ತಿಗೆಗೆ ಅಗಲವಾದ ಕಾಲರ್ ಹಾಕಿದ್ದಾರೆ. ಈಗ ಆ ತೂತಿನಿಂದ ತೆಳ್ಳಗಿನ ಗುಲಾಬಿ ನೀರು ಬರುತ್ತಿದೆ. ಹೊಲಿಗೆ ಹಾಕದೆ ಹಾಗೇ ಬಿಟ್ಟಿರುವುದು ನನಗೆ ಆತಂಕ. ಪಟ್ಟಿ ಕಟ್ಟಿ ಮುಚ್ಚಬಹುದೇ? ಕಾಲರ್ ಹಾಕಿಕೊಂಡು ಉಣ್ಣುತ್ತಿಲ್ಲ, ತೆಗೆದುಬಿಡಲೇ?

ಪರೇಲ್ ಪಶುವೈದ್ಯೆ

ಮುಚ್ಚಬೇಡಿ. ಬೇಕೆಂದೇ ತೆರೆದು ಬಿಟ್ಟಿದ್ದಾರೆ. ಒಳಗಿನಿಂದ ಹೊಸ ಮಾಂಸ ತುಂಬಿ ಬಂದು ಕೊನೆಗೆ ಚರ್ಮ ಕೂಡಬೇಕು. ಚರ್ಮ ಮೊದಲೇ ಕೂಡಿಕೊಂಡರೆ ಕೀವು ಮತ್ತೆ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ, ನಿಮ್ಮ ಕೈಗೆ ಹಿತವೆನಿಸುವಷ್ಟೇ ಬೆಚ್ಚಗಿನ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಐದು ನಿಮಿಷ ಇಟ್ಟು, ಒಣಗಿದ ಒಸರನ್ನು ಒರೆಸಿ. ಗುಲಾಬಿ ನೀರು ಸಹಜ, ದಿನ ಕಳೆದಂತೆ ಕಡಿಮೆಯಾಗುತ್ತದೆ. ಹಳದಿ ಹಸಿರು ಗಟ್ಟಿ ಕೀವು, ಮತ್ತೆ ವಾಸನೆ, ಸುತ್ತಲ ಚರ್ಮ ಕಪ್ಪಾಗುವುದು, ಕೆಂಪು ಹರಡುವುದು ಇವುಗಳಲ್ಲಿ ಯಾವುದು ಕಂಡರೂ ನಿಗದಿಯಾದ ದಿನಕ್ಕೆ ಕಾಯದೆ ಹೋಗಿ. ರಬ್ಬರ್ ಪಟ್ಟಿಯನ್ನು ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ವೈದ್ಯರೇ ತೆಗೆಯುತ್ತಾರೆ, ನೀವು ಎಳೆಯಬೇಡಿ.

ಕಾಲರನ್ನು ಊಟದ ಹೊತ್ತಿಗೆ ಮಾತ್ರ, ನೀವು ಎದುರು ಕೂತು ತೆಗೆಯಿರಿ. ಬೆಕ್ಕಿನ ನಾಲಿಗೆ ಒರಟು, ಒಂದೆರಡು ನಿಮಿಷದಲ್ಲಿ ಗಾಯವನ್ನು ಹಿಗ್ಗಿಸಿಬಿಡುತ್ತದೆ. ಊಟದ ವಿಷಯ ಹಗುರಾಗಿ ಬಿಡಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೆಯೇ ಕಾಯಿಲೆ ಶುರುವಾಗುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೀನು ಅಥವಾ ಕೋಳಿಯನ್ನು ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಇಡಿ. ಮೂಗಿಗೆ ವಾಸನೆ ಸಿಕ್ಕರೆ ಮುಟ್ಟುತ್ತಾನೆ. ನಾಳೆಯೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಬಾವು ಇಳಿಯಿತೆಂದು ಆಂಟಿಬಯೊಟಿಕ್ ನಡುವೆ ನಿಲ್ಲಿಸಬೇಡಿ.

ಡೊಂಬಿವಲಿ ಪೂರ್ವ

ಬೆಚ್ಚಗೆ ಮಾಡಿದ ಬಂಗುಡೆ ತಿಂದ! ಇನ್ನೊಂದು ಕೇಳಬೇಕು. ಅಲ್ಲಿನ ವೈದ್ಯರು ಎಫ್‌ಐವಿ ಪರೀಕ್ಷೆ ಮಾಡಿಸಿ ಎಂದರು, ಆದರೆ ಈಗಲೇ ಬೇಡವಂತೆ. ಅದೇಕೆ?

ಪರೇಲ್ ಪಶುವೈದ್ಯೆ

ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ ಅದು. ಮುಖ್ಯವಾಗಿ ಕಚ್ಚುವುದರಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಪರೀಕ್ಷೆ ಹುಡುಕುವುದು ಆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಕಾಣುವಷ್ಟು ಬೆಳೆಯಲು ಸಮಯ ಬೇಕು, ಆದ್ದರಿಂದ ಕಚ್ಚಿದ 60 ದಿನಗಳ ನಂತರ ಮಾಡಿಸಿದರೆ ಇಲ್ಲ ಎಂಬ ಉತ್ತರವನ್ನು ನಂಬಬಹುದು. ಇದೆ ಎಂದು ಬಂದರೂ ಹೆದರಬೇಡಿ, ಮನೆಯೊಳಗೆ ಚೆನ್ನಾಗಿ ನೋಡಿಕೊಂಡರೆ ಅಂತಹ ಬೆಕ್ಕುಗಳು ಎಷ್ಟೋ ವರ್ಷ ಬಾಳುತ್ತವೆ.

ಅಲ್ಲಿಯವರೆಗೆ ಹೊರಗೆ ಬಿಡಬೇಡಿ, ಕಿಟಕಿಗೆ ಜಾಲರಿ ಹಾಕಿಸಿ. ಗಾಯ ಪೂರ್ತಿ ಮಾಯ್ದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಅದಾದ ಗಂಡುಬೆಕ್ಕುಗಳ ಅಲೆದಾಟವೂ ಕಾದಾಟವೂ ಬಹಳ ಕಡಿಮೆಯಾಗುತ್ತವೆ. ರೇಬೀಸ್ ಲಸಿಕೆ ಬಾಕಿ ಇದ್ದರೆ ಅದನ್ನು ಯಾವಾಗ ಹಾಕಿಸಬೇಕೆಂದು ರಬ್ಬರ್ ಪಟ್ಟಿ ತೆಗೆಸಲು ಹೋದ ದಿನವೇ ಕೇಳಿಕೊಂಡು ಬನ್ನಿ.